ಮುಂದಕ್ಕೆ ಇಪ್ಪತ್ತಡಿ, ಹಿಂದಕ್ಕೆ ಇಪ್ಪತ್ತಡಿ

ಕನಕರಾಜು ಆಡಿದ್ದು ಒಂದೇ ಒಂದು ಮಾತು. ರಜೆ ಮುಗಿಸಿ ವಾಪಸು ದುಬೈಗೆ ಹೊರಡಲು ಇನ್ನೊಂದು ವಾರ ಇರುವಾಗ, ಕಟ್ಟೆಮಳಲವಾಡಿಯ ಟೀ ಅಂಗಡಿ ಬೆಂಚಿನ ಮೇಲೆ ಕೂತು, ಹತ್ತು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿರುವಾಗ, "ಅಲ್ಲಿ ನೂರಿಪ್ಪತ್ತು ಅಂದ್ರೆ ನಡ್ಕಂಡು ಹೋದಂಗೆ ಕಣ್ರಲಾ. ನಾನು ನೂರನಲವತ್ತರಲ್ಲಿ ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ಟೀ" ಎಂದುಬಿಟ್ಟ.

ಮಾತು ಟೀ ಅಂಗಡಿಯಿಂದ ಅವನ ಮನೆಗೆ ಅವನಿಗಿಂತ ಮುಂಚೆ ತಲುಪಿತು. ದಾರಿಯಲ್ಲಿ ನೂರನಲವತ್ತು ಇನ್ನೂರಾಗಿತ್ತು, ಟೀ ಬ್ರಾಂದಿಯಾಗಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಸೂಟ್‌ಕೇಸಿನಲ್ಲಿ ಪಾಸ್‌ಪೋರ್ಟ್ ಇಲ್ಲ. ಅದು ತಾಯಿ ರಾಮಮ್ಮನ ಸೊಂಟದ ಎಲೆಅಡಿಕೆ ಸಂಚಿಯೊಳಗೆ ಸುಣ್ಣದ ಡಬ್ಬಿಯ ಪಕ್ಕ ಮಲಗಿತ್ತು.

"ಅವ್ವ, ಬುಧವಾರ ವಿಮಾನ ಹತ್ತಲಿಲ್ಲ ಅಂದ್ರೆ ವೀಸಾ ಹೋಯ್ತದೆ, ಕೆಲಸಾನೂ ಹೋಯ್ತದೆ" ಎಂದು ಕನಕರಾಜು ಗೋಗರೆದ.

"ಹೋಗ್ಲಿ ಬುಡು. ನಿಮ್ಮಪ್ಪನ್ನ ಹುಣಸೂರು ರಸ್ತೇಲಿ ಲಾರಿಗೆ ಕೊಟ್ಟೆ. ನಿನ್ನೂ ದುಬೈ ರಸ್ತೆಗೆ ಕೊಡಾಕಿಲ್ಲ" ಎಂದಳು ರಾಮಮ್ಮ.

ಮೂರು ದಿನ ಹೀಗೇ ಕಳೆಯಿತು. ಕೊನೆಗೆ ಊರಿನ ಪ್ರತಿ ಜಗಳದಲ್ಲೂ ಕರೆಯದೆ ಬರುವ ರಾಮಮ್ಮನ ತಮ್ಮ ಷಣ್ಮುಖಪ್ಪ ಒಂದು ದಾರಿ ಹುಡುಕಿದ. "ಅಕ್ಕ, ಭಾನುವಾರ ಹ್ಯಾಂಡ್‌ಪೋಸ್ಟ್‌ನಾಗೆ ನಿನ್ನ ಮಗ್ಳು ಭಾಗ್ಯನ ಮಗೀಗೆ ತೊಟ್ಟಿಲು ಶಾಸ್ತ್ರ. ಚಿಕ್ಕಮಾದು ವ್ಯಾನು ಇಸ್ಕತೀನಿ. ನಿನ್ನ ಮಗಾನೇ ಓಡ್ಸಲಿ. ನೀನು ಮುಂದೆ ಕೂತ್ಕಂಡು ಕಣ್ಣಾರೆ ನೋಡು. ಹುಷಾರಾಗಿ ಓಡಿಸ್ದ ಅಂದ್ರೆ ಪಾಸ್‌ಪೋರ್ಟ್ ಕೊಡು."

ರಾಮಮ್ಮ ಯೋಚಿಸಿ ಒಪ್ಪಿದಳು. ಊರೆಲ್ಲ ಒಪ್ಪಿತು. ಬೆವರಿದವನು ಕನಕರಾಜು ಒಬ್ಬನೇ.

ಯಾಕೆಂದರೆ ಊರು ನಂಬಿದಂತೆ ಅವನು ಡ್ರೈವರೇ ಅಲ್ಲ. ಅವನಿದ್ದದ್ದು ಶಾರ್ಜಾದಲ್ಲಿ, ಸಮುದ್ರದಾಚೆ ಇರುವುದೆಲ್ಲ ಕಟ್ಟೆಮಳಲವಾಡಿಗೆ ದುಬೈ, ಅದಿರಲಿ. ಅಲ್ಲೊಂದು ಗ್ಯಾರೇಜಿನಲ್ಲಿ ಅವನು ಕಾರು ತೊಳೆಯುತ್ತಿದ್ದ. ನೀರು ಹಾಕುವ ಜಾಗದಿಂದ ನೆರಳಿನವರೆಗೆ ಮುಂದಕ್ಕೆ ಇಪ್ಪತ್ತಡಿ, ಬೇಕಾದರೆ ಹಿಂದಕ್ಕೆ ಇಪ್ಪತ್ತಡಿ. ನಾಲ್ಕು ವರ್ಷದಲ್ಲಿ ಅವನು ಕಾರು ಓಡಿಸಿದ ದೂರ ಅಷ್ಟೇ. ಅದಕ್ಕೆ ಮುಂಚೆ ಊರಿನಲ್ಲಿ ಯಾರದೋ ಟ್ರ್ಯಾಕ್ಟರನ್ನು ಗದ್ದೆಯಲ್ಲಿ ಆಡಿಸಿದ್ದುಂಟು. ಲೈಸೆನ್ಸು ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ.

ಅಲ್ಲಿಯ ರಸ್ತೆ ಅವನಿಗೆ ಗೊತ್ತಿದ್ದದ್ದು ಕಾಲಿನಿಂದ. ಪ್ರತಿ ಶುಕ್ರವಾರ ಮನೆಗೆ ಫೋನು ಮಾಡಲು ಎಂಟು ಸಾಲಿನ ರಸ್ತೆಯನ್ನು ದಾಟಬೇಕಿತ್ತು. ದಿನಕ್ಕೊಂದು ಕಟ್ಟಡ ಏಳುತ್ತಿದ್ದ ಆ ಊರಿನಲ್ಲಿ ರಸ್ತೆಗಳು ಅಗಲವಾಗುತ್ತಲೇ ಇದ್ದವು, ನಡೆಯುವವನ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ. ಇಪ್ಪತ್ತು ಜನ ಚಪ್ಪಲಿ ಕೈಲಿ ಹಿಡಿದು ಅಂಚಿನಲ್ಲಿ ನಿಲ್ಲುವರು. ಒಬ್ಬ "ಓಡು" ಎಂದ ಕೂಡಲೆ ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡುವರು. ಅವನ ಕೋಣೆಯಲ್ಲೇ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಬಷೀರ್, ಕಾಸರಗೋಡಿನವನು, ಒಂದು ಶುಕ್ರವಾರ ಆ ಕಡೆ ಹೋದವನು ಈ ಕಡೆ ಬರಲಿಲ್ಲ. ಈ ಸಂಗತಿಯನ್ನು ಕನಕರಾಜು ಯಾರಿಗೂ ಹೇಳಿರಲಿಲ್ಲ. ಟೀ ಅಂಗಡಿಯಲ್ಲಿ ಹೇಳುವಂಥ ಮಾತು ಅದಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ವ್ಯಾನಿಗೆ ಷಣ್ಮುಖಪ್ಪನ ಹೆಂಡತಿ ಮಕ್ಕಳೂ ಸೇರಿ ಒಂಬತ್ತು ಜನ ತುಂಬಿದರು. ರಾಮಮ್ಮ ಸಂಚಿಯ ಮೇಲೆ ಕೈಯಿಟ್ಟುಕೊಂಡು ಮುಂದೆ ಕೂತಳು. ಷಣ್ಮುಖಪ್ಪ ಹಿಂದೆ ಕೂತರೂ ತಲೆಯನ್ನು ಮುಂದಿನ ಎರಡು ಸೀಟಿನ ನಡುವೆ ತೂರಿಸಿದ. ಕನಕರಾಜು ಗೇರು ಹಾಕಲು ಬಲಗೈ ಚಾಚಿದ. ಅದು ಬಾಗಿಲಿಗೆ ಬಡಿಯಿತು. ಶಾರ್ಜಾದ ಕಾರುಗಳಲ್ಲಿ ಸ್ಟೇರಿಂಗು ಎಡಗಡೆ, ಗೇರು ಬಲಗೈಗೆ. ಎಡಗೈಯಲ್ಲಿ ತಡಕಾಡಿ ಹಾಕಿದ. ವ್ಯಾನು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಮೂರು ಸಲ ಹಾಗೇ ಆಯಿತು.

"ದೊಡ್ಡ ಗಾಡಿ ಓಡಿಸ್ದೋನು ಕಣಕ್ಕ, ಸಣ್ಣ ಗಾಡಿ ಕೈಗೆ ಹತ್ತಾಕಿಲ್ಲ" ಎಂದು ಷಣ್ಮುಖಪ್ಪ ಎಲ್ಲರಿಗೂ ವಿವರಿಸಿದ. ಎಲ್ಲರೂ ಹೌದೌದು ಎಂದರು.

ವ್ಯಾನು ಕೊನೆಗೂ ಹೊರಟಿತು. ಮೊದಲನೇ ಗೇರು, ಆಮೇಲೆ ಎರಡನೇ ಗೇರು. ಮೂರನೆಯದು ಎಲ್ಲಿದೆಯೆಂದು ಹುಡುಕುವ ಧೈರ್ಯ ಅವನಿಗೆ ಬರಲಿಲ್ಲ. ಹುಲ್ಲಿನ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಪಕ್ಕಕ್ಕೆ ಬಂದು, ಸ್ವಲ್ಪ ದೂರ ಜೊತೆಯಲ್ಲೇ ತುಳಿಯುತ್ತ, "ಗಾಡಿ ಕೆಟ್ಟೈತಾ? ತಳ್ಳಬೇಕಾ?" ಎಂದು ಕೇಳಿ, ತನಗೆ ಹೊತ್ತಾಗುತ್ತದೆಂದು ಮುಂದೆ ಹೋದ.

ಷಣ್ಮುಖಪ್ಪನಿಗೆ ಅವಮಾನವಾಯಿತು. "ಲೇ ಕನಕ, ಒಂದೇ ಒಂದು ಕಿತ ನೂರಕ್ಕೆ ಹತ್ತಿಸ್ಲಾ. ನಾವೂ ದುಬೈ ಸ್ಪೀಡು ನೋಡಾನ."

"ನೀ ಸುಮ್ಕಿರು. ಹಿಂಗೇ ಹೋಗ್ಲಿ" ಎಂದಳು ರಾಮಮ್ಮ. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಗಿತ್ತು. ಅದನ್ನು ಓರೆಗಣ್ಣಿನಲ್ಲಿ ಕಂಡ ಕನಕರಾಜುವಿಗೆ ಬುಧವಾರದ ವಿಮಾನ ಒಂದಡಿ ಹತ್ತಿರ ಬಂದಂತಾಯಿತು.

ಹುಣಸೂರಿನ ಬಸ್‌ಸ್ಟ್ಯಾಂಡ್ ಹತ್ತಿರ ರಸ್ತೆ ಅಂಚಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ತಲೆಯ ಮೇಲೆ ರಾಗಿ ಹಿಟ್ಟಿನ ಚೀಲ. ಒಂದು ಹೆಜ್ಜೆ ಮುಂದಿಡುತ್ತಾಳೆ, ಮಡಿಕೇರಿ ಬಸ್ಸು ನುಗ್ಗುತ್ತದೆ, ಹೆಜ್ಜೆ ಹಿಂದಕ್ಕಿಡುತ್ತಾಳೆ. ಆ ಹೆಜ್ಜೆ ಕನಕರಾಜುವಿಗೆ ಚೆನ್ನಾಗಿ ಗೊತ್ತು. ಯೋಚನೆಯನ್ನೇ ಮಾಡದೆ ಬ್ರೇಕು ತುಳಿದು, ಕಿಟಕಿಯಿಂದ ಕೈ ಚಾಚಿ, "ದಾಟಿ ಅಜ್ಜಿ, ದಾಟಿ" ಎಂದ.

ಹಿಂದಿದ್ದ ಬಸ್ಸಿನವನು ಹಾರನ್ನಿನ ಮೇಲೆ ಕೂತೇಬಿಟ್ಟ. ಆಮೇಲೆ ಬಲಕ್ಕೆ ಎಳೆದುಕೊಂಡು, ಮುದುಕಿಯ ಸೀರೆ ಹಾರಿಹೋಗುವಂತೆ ನುಗ್ಗಿ, ಕನಕರಾಜುವಿನ ವಂಶವನ್ನೆಲ್ಲ ಬೈದು ಹೋದ. ಮುದುಕಿ ಮಾತ್ರ ದಾಟಲಿಲ್ಲ. ವ್ಯಾನಿನ ಹತ್ತಿರ ಬಂದು, ಬಾಗಿಲು ಎಳೆದು, ಹಿಟ್ಟಿನ ಚೀಲವನ್ನು ಷಣ್ಮುಖಪ್ಪನ ಹೆಂಡತಿ ಸುಂದ್ರಮ್ಮನ ತೊಡೆಯ ಮೇಲಿಟ್ಟು ಹತ್ತಿ ಕೂತಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದಳು. ಅರವತ್ತೈದು ವರ್ಷದ ಬದುಕಿನಲ್ಲಿ ಅವಳಿಗಾಗಿ ನಿಂತ ಮೊದಲ ಗಾಡಿ ಅದು. ಹತ್ತುವುದಕ್ಕಲ್ಲದೆ ಇನ್ಯಾತಕ್ಕಾದರೂ ಒಂದು ಗಾಡಿ ತನಗಾಗಿ ನಿಂತೀತು ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

ಒಂದು ಮೈಲಿ ಹೋದ ಮೇಲೆ ಸುಂದ್ರಮ್ಮ ಕೇಳಿದಳು: "ಎಲ್ಲಿಗೆ ಹೋಗ್ಬೇಕಜ್ಜಿ?"

"ಎದುರುಗಡೆಗೆ ಕಣವ್ವ."

"ಯಾವ ಎದುರುಗಡೆ?"

"ರಸ್ತೆ ಆಚೆಗೆ. ಅಲ್ಲೇ ನಮ್ಮನೆ. ಇದ್ಯಾಕೆ ಇಷ್ಟು ಸುತ್ತು ಹಾಕ್ತಾವ್ರೆ ಅಂತ ನಾನೂ ನೋಡ್ತಾವ್ನಿ."

ವ್ಯಾನನ್ನು ತಿರುಗಿಸಲು ಹದಿನೈದು ನಿಮಿಷ ಹಿಡಿಯಿತು. ಎರಡೂ ಕಡೆಯ ವಾಹನಗಳವರು ಇಳಿದು ಬಂದು ಸಲಹೆ ಕೊಟ್ಟರು. ಹಿಂದಿರುಗಿ ಬಂದಾಗ ವ್ಯಾನು ತಾನಾಗಿಯೇ ರಸ್ತೆಯ ಆಚೆ ಬದಿಯಲ್ಲಿತ್ತು, ಮುದುಕಿಯ ಮನೆ ಬಾಗಿಲಿನಲ್ಲೇ ಇಳಿಸಿದಂತಾಯಿತು. ಆಮೇಲೆ ಮತ್ತೆ ತಿರುಗಿಸಲು ಇನ್ನೊಂದು ಹದಿನೈದು ನಿಮಿಷ. ಷಣ್ಮುಖಪ್ಪ ಗಡಿಯಾರ ನೋಡಿ ಹಲ್ಲು ಕಡಿದ. ರಾಮಮ್ಮ ಮಾತ್ರ ಮಗನ ಮುಖವನ್ನೇ ನೋಡುತ್ತಿದ್ದಳು.

"ನೀನು ಅಲ್ಲೂ ಹಿಂಗೇ ನಿಲ್ಲಿಸ್ತೀಯಾ ಮಗ?"

"ಹೂ ಕಣವ್ವ" ಎಂದ ಕನಕರಾಜು. ನಿಲ್ಲಿಸಲು ತನ್ನ ಬಳಿ ಏನಿದೆ ಎಂದು ಹೇಳುವ ಸಮಯ ಅದಾಗಿರಲಿಲ್ಲ.

ಹ್ಯಾಂಡ್‌ಪೋಸ್ಟ್ ಕಡೆಯ ರಸ್ತೆಯಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ಮುಂದೆ ಹುರುಳಿ. ಸುಗ್ಗಿ ಕಾಲ, ಕಣ ಸಾರಿಸಿ ಕಲ್ಲಿನ ಗುಂಡು ಉರುಳಿಸುವ ತಾಪತ್ರಯ ಯಾರಿಗೆ ಬೇಕು, ಗೋವಿಂದಯ್ಯನೆಂಬ ರೈತ ಹುರುಳಿ ಗಿಡವನ್ನೆಲ್ಲ ಟಾರು ರಸ್ತೆಯ ಮೇಲೆ ಮೊಣಕಾಲುದ್ದ ಹರಡಿದ್ದ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಬೇಕು. ಎಷ್ಟೋ ಸ್ಕೂಟರುಗಳು ಇಂಥ ರಾಶಿಯ ಮೇಲೆ ಜಾರಿ ಮಲಗಿದ್ದವು. ಕನಕರಾಜು ಹೆದರಿಕೊಂಡು ಹುರುಳಿಯ ನಟ್ಟನಡುವೆ ನಿಲ್ಲಿಸಿಬಿಟ್ಟ.

ಗೋವಿಂದಯ್ಯ ಕವೆಗೋಲು ಹಿಡಿದು ಓಡಿಬಂದ. ಬೈಯಲು ಅಲ್ಲ, ಕೈಮುಗಿಯಲು. "ಬುದ್ಧಿ, ಎಲ್ರೂ ಜುಯ್ಯಂತ ಹೋಯ್ತಾರೆ, ಒಂದು ಕಾಳೂ ಉದ್ರಾಕಿಲ್ಲ. ನೀವು ಹೆಂಗೂ ನಿಂತಿದ್ದೀರಿ. ಒಸಿ ಹಿಂದಕ್ಕೆ ತಗೊಂಡು ಇನ್ನೊಂದು ಕಿತ ಬನ್ರಿ. ನಿಧಾನುಕ್ಕೆ."

ಕನಕರಾಜು ಹುರುಳಿಯ ಉದ್ದವನ್ನು ಕಣ್ಣಳತೆಯಲ್ಲಿ ನೋಡಿದ. ಹೆಚ್ಚೆಂದರೆ ಇಪ್ಪತ್ತಡಿ. ಅವನ ಬೆನ್ನು ನೆಟ್ಟಗಾಯಿತು.

ಹಿಂದಕ್ಕೆ ಇಪ್ಪತ್ತಡಿ, ಮುಂದಕ್ಕೆ ಇಪ್ಪತ್ತಡಿ. ಒಂದು ಸಲವೂ ಎಂಜಿನ್ ಕೆಮ್ಮಲಿಲ್ಲ. ಕನ್ನಡಿ ನೋಡುವುದೇನು, ಒಂದು ಬೆರಳಿನಲ್ಲಿ ಸ್ಟೇರಿಂಗ್ ತಿರುಗಿಸುವುದೇನು, ಚಕ್ರ ತುಳಿಯದ ಒಂದಂಗುಲ ಜಾಗವನ್ನೂ ಅವನು ಬಿಡಲಿಲ್ಲ. ಪಕ್ಕದ ಹೊಲದವರು ಓಡಿಬಂದು ತಮ್ಮ ಹುರುಳಿಯನ್ನೂ ತಂದು ಹಾಕಿದರು. ವ್ಯಾನಿನೊಳಗಿದ್ದವರು ತೊಟ್ಟಿಲಿನ ಮಕ್ಕಳಂತೆ ಅತ್ತಿಂದಿತ್ತ ತೂಗಿ ಒಬ್ಬೊಬ್ಬರಾಗಿ ನಿದ್ದೆಹೋದರು. ಮುಕ್ಕಾಲು ಗಂಟೆಯಾದ ಮೇಲೆ ಗೋವಿಂದಯ್ಯ ಕಣ್ಣಲ್ಲಿ ನೀರು ತಂದುಕೊಂಡು ರಾಮಮ್ಮನಿಗೆ ಹೇಳಿದ: "ತಾಯಿ, ಎಂಥ ಮಗನ್ನ ಹೆತ್ತಿದ್ದೀಯವ್ವ! ನನ್ನ ಜೀವಮಾನದಾಗೆ ಇಂಥ ಡ್ರೈವರ್ ನೋಡಿಲ್ಲ."

ರಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಕ್ರದ ಸಂದಿಗೆ ಸುತ್ತಿಕೊಂಡ ಬಳ್ಳಿಯನ್ನು ಕುಡುಗೋಲಿನಿಂದ ಕತ್ತರಿಸಿ ತೆಗೆಯಲು ಮತ್ತೊಂದು ಅರ್ಧ ಗಂಟೆ ಹೋಯಿತು.

ಹ್ಯಾಂಡ್‌ಪೋಸ್ಟ್ ತಲುಪಿದಾಗ ಮೂರು ಗಂಟೆ. ತಂಗಿ ಭಾಗ್ಯ ಕಾದು ಕಾದು ಸಾಕಾಗಿ, ಸೋದರಮಾವನಾಗಿ ಕನಕರಾಜು ಕೂರಬೇಕಿದ್ದ ಜಾಗದಲ್ಲಿ ಪಕ್ಕದ ಮನೆಯ ನಂಜಣ್ಣನನ್ನು ಕೂರಿಸಿ ಶಾಸ್ತ್ರ ಮುಗಿಸಿದ್ದಳು. ಪಾಯಸ ಖಾಲಿ, ಅನ್ನ ಸಾರು ಉಳಿದಿತ್ತು. ಷಣ್ಮುಖಪ್ಪ ಗೊಣಗುತ್ತ ಉಂಡ. ರಾಮಮ್ಮ ಮಾತ್ರ ಬಂದವರಿಗೆಲ್ಲ ಮಗನ ಡ್ರೈವಿಂಗನ್ನು ವರ್ಣಿಸುತ್ತ ಊಟವನ್ನೇ ಮರೆತಳು.

ಐದು ಗಂಟೆಗೆ ಎಲ್ಲರೂ ಹೊರಡಲು ವ್ಯಾನಿನ ಬಳಿ ಬಂದರು. ಕನಕರಾಜು ಧೈರ್ಯ ಮಾಡಿ ಕೈಚಾಚಿದ. "ಅವ್ವ, ಪಾಸ್‌ಪೋರ್ಟು."

ರಾಮಮ್ಮ ಸಂಚಿ ಬಿಚ್ಚಿದಳು. ಪಾಸ್‌ಪೋರ್ಟಿಗೆ ಅಂಟಿದ್ದ ಹೊಗೆಸೊಪ್ಪಿನ ಪುಡಿಯನ್ನು ಊದಿ ಒರೆಸಿದಳು. ಆಮೇಲೆ ಅದನ್ನು ಮತ್ತೆ ಒಳಗಿಟ್ಟಳು.

"ನಿನ್ನ ಮ್ಯಾಲೆ ನಂಬ್ಕೆ ಬಂತು ಕಣ್ಮಗ. ನಿನ್ನಷ್ಟು ಹುಷಾರಾಗಿ ಯಾರೂ ಓಡ್ಸಾಕಿಲ್ಲ. ಅದ್ಕೇ ನಂಗೆ ಭಯ. ಆ ಅಜ್ಜಿಗೆ ನೀನು ನಿಲ್ಲಿಸ್ದೆ, ಹಿಂದಿದ್ದ ಬಸ್ಸಿನೋನು ನಿಲ್ಲಿಸಿದ್ನಾ? ಇಲ್ಲೇ ಹಿಂಗಾದ್ರೆ, ಅಲ್ಲಿ ಎಲ್ಲ ನೂರನಲವತ್ತರಲ್ಲಿ ಹೋಗೋರಂತೆ. ನೀನು ನೆಟ್ಟಗೆ ಓಡಿಸ್ತೀಯ, ಬಂದು ಗುದ್ದೋರ್ಗೆ ಯಾರು ಹೇಳ್ತಾರೆ? ನಿಮ್ಮಪ್ಪಾನೂ ರಸ್ತೆ ಪಕ್ಕದಲ್ಲೇ ನಡೀತಿದ್ರು."

ಕನಕರಾಜುವಿಗೆ ಇನ್ನು ಉಳಿದಿದ್ದು ಒಂದೇ ದಾರಿ. ಮಾನ ಹೋದರೂ ಹೋಗಲಿ, ಕೆಲಸ ಉಳಿಯಲಿ ಎಂದುಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟ: "ಅವ್ವ, ನಾನು ಅಲ್ಲಿ ಗಾಡಿ ಓಡ್ಸೋದೇ ಇಲ್ಲ. ಗ್ಯಾರೇಜಲ್ಲಿ ಕಾರು ತೊಳೀತೀನಿ. ಗೇಟಿಂದ ಆಚೆಗೆ ಒಂದು ದಿನಾನೂ ಓಡ್ಸಿಲ್ಲ. ನಿನ್ನಾಣೆ. ನೀನು ಹೆದರ್ಕೋಬೇಡ."

ರಾಮಮ್ಮನ ಮುಖ ನಿಧಾನವಾಗಿ ಅರಳಿತು. "ನಿಜವೇನ್ಲಾ? ಒಂದು ದಿನಾನೂ?"

"ಒಂದು ದಿನಾನೂ ಇಲ್ಲ. ಲೈಸನ್ಸೇ ಇಲ್ಲ ನಂಗೆ."

ಅವಳ ಕೈ ಸಂಚಿಗೆ ಹೋಯಿತು. ಪಾಸ್‌ಪೋರ್ಟಿನ ಅಂಚು ಹೊರಗೆ ಕಂಡಿತು. ಅಲ್ಲೇ ನಿಂತಿತು. ರಾಮಮ್ಮ ವ್ಯಾನಿನ ಕಡೆ ನೋಡಿದಳು, ಸುಂದ್ರಮ್ಮನ ಕಡೆ ನೋಡಿದಳು, ಮತ್ತೆ ಮಗನ ಕಡೆ ನೋಡಿದಳು.

"ಅಂಗಾದ್ರೆ ಇವತ್ತು ನಮ್ಮನ್ನೆಲ್ಲ ಕೂರಿಸ್ಕಂಡು ಬಂದೋನು ಯಾರ್ಲಾ?"

ಷಣ್ಮುಖಪ್ಪ ತನ್ನ ಮೊಣಕಾಲು ಮೊಣಕೈಗಳನ್ನು ಮುಟ್ಟಿ ನೋಡಿಕೊಂಡ. ಸುಂದ್ರಮ್ಮ ಮಕ್ಕಳನ್ನು ಎಣಿಸಿದಳು, ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದಳು. ದಾರಿಯುದ್ದಕ್ಕೂ ಬರಬೇಕಾಗಿದ್ದ ಭಯ ರಾಮಮ್ಮನಿಗೆ ಆಗ ಒಟ್ಟಿಗೇ ಬಂತು. "ಹುಟ್ಟಿಸ್ದೋಳ ಹತ್ರಾನೇ ಹಿಂಗೆ ಸುಳ್ಳು ಹೇಳೋನು, ಅಲ್ಲಿ ಏನೇನು ಮಾಡ್ತೀಯೋ ನಾನೆಂಗೆ ನಂಬ್ಲಿ?" ಎಂದು ಸಂಚಿಯ ದಾರವನ್ನು ಎಳೆದು, ಎರಡು ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿದಳು.

ವಾಪಸು ಹೋಗಲು ವ್ಯಾನನ್ನು ಒಬ್ಬರೂ ಹತ್ತಲಿಲ್ಲ. ಹುಣಸೂರಿಗೆ ಹೊರಟ ಜೀಪೊಂದು ನಿಂತಿತ್ತು. ಒಳಗೆ ಆಗಲೇ ಹದಿನಾರು ಜನ. ಡ್ರೈವರ್ ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. "ಲೈಸನ್ ಐತೇನಪ್ಪ?" ಎಂದು ರಾಮಮ್ಮ ಕೇಳಿದಳು. ಅವನು ಜೇಬು ತಟ್ಟಿ ತೋರಿಸಿದ. ಅಷ್ಟು ಸಾಕಾಯಿತು. ಎಂಟು ಜನ ನೆಮ್ಮದಿಯಿಂದ ಹತ್ತಿದರು. ಷಣ್ಮುಖಪ್ಪ ಬಂಪರಿನ ಮೇಲೆ ನಿಂತ. ರಾಮಮ್ಮ ಹಿಂದಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

"ಅವ್ವ, ಒಳಕ್ಕೆ ಕೂತ್ಕೊ" ಎಂದು ಕನಕರಾಜು ಕೂಗಿದ.

"ನೀನು ಹುಷಾರು ಕಣ್ಮಗ. ಗಾಡಿ ಮುಟ್ಟಬ್ಯಾಡ. ಚಿಕ್ಕಮಾದುನ್ನ ಕಳಿಸ್ತೀನಿ" ಎಂದು ಅವಳೂ ಕೂಗಿದಳು.

ಜೀಪು ನೆಗೆದು ಹೊರಟಿತು. ಮೊದಲ ತಿರುವಿನಲ್ಲೇ, ಎದುರಿಗೆ ಏನು ಬರುತ್ತಿದೆಯೆಂದು ನೋಡದೆ, ಮರದ ದಿಮ್ಮಿ ತುಂಬಿದ ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ನುಗ್ಗಿತು. ಅವ್ವನ ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ನಾಲ್ಕು ವರ್ಷ ಅವಳು ಮನೆಯಲ್ಲಿ ಕೂತು ಏನು ಪಟ್ಟಳೆಂಬುದು ಕನಕರಾಜುವಿಗೆ ಆಗ ತಿಳಿಯಿತು. ಲಾರಿಯ ಹಾರನ್ ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡ.