ನೀಲವ್ವನ ಕಡೆ

ಮನುಷ್ಯನಿಗೆ ಎಡ, ಬಲ ಎಂದು ಬೇರೆ ಬೇರೆ ಮಾಡಿಕೊಟ್ಟ ದೇವರು ಎಂದೂ ಕೋಲಾಟ ಆಡಿದವನಲ್ಲ ಎಂಬುದು ನನ್ನ ಗುಮಾನಿ. ಸುತ್ತುಗಟ್ಟಿ ಎದುರುಬದುರು ನಿಂತವರಿಗೆ ‘ಬಲಕ್ಕೆ ತಿರುಗಿ’ ಎಂದು ಹೇಳಿ ನೋಡಿ. ಒಬ್ಬನ ಬಲ ಇನ್ನೊಬ್ಬನ ಎಡವಾಗಿ, ಕೋಲಿಗೆ ತಾಗಬೇಕಾದ ಕೋಲು ಮೂಗಿಗೆ ತಾಗುತ್ತದೆ. ಅದಕ್ಕೇ ಮೂಡಲಗಿ ಕಡೆಯ ನಮ್ಮೂರಿನ ಮೇಳದಲ್ಲಿ ಎಡಬಲದ ಗೊಡವೆಯೇ ಇರಲಿಲ್ಲ. ಆಡುವ ಬಯಲಿನ ಸುತ್ತ ಏನಿತ್ತೋ ಅದೇ ದಿಕ್ಕು. ಮೇಳ ಕಲಿಸುವ ಭರಮಪ್ಪ ಕಾಕಾ ಹಗಲೆಲ್ಲ ಕುರಿಗಳಿಗೆ ಕೂಗಿದ ಗಂಟಲಿನಿಂದಲೇ ಸಂಜೆ ನಮಗೆ ಕೂಗುತ್ತಿದ್ದರು: “ಗುಡಿ ಕಡೆ ತಿರಗ್ರಿ! ಬಾವಿ ಕಡೆ ಬಗ್ಗ್ರಿ! ಗೌಡ್ರ ಮನಿ ಕಡೆ ಹೊಳ್ಳ್ರಿ! ನೀಲವ್ವನ ಕಡೆ ಬರ್ರಿ!” ಕುರಿಗಳೇ ನಮಗಿಂತ ಬೇಗ ಕಲಿಯುತ್ತವೆ ಎಂದು ನಡುನಡುವೆ ಹಂಗಿಸುತ್ತಿದ್ದರು.

ನೀಲವ್ವ ನನ್ನ ಹೆಂಡತಿ, ಹುಕ್ಕೇರಿ ಕಡೆಯವಳು. ಬಯಲಿನ ಆ ಬದಿಗಿದ್ದದ್ದು ನಮ್ಮ ಮನೆ. ಕಟ್ಟಿಸಿದವರು ನಮ್ಮ ಅಜ್ಜ, ಕಟ್ಟೆಯ ಮೇಲೆ ಬೆಲ್ಲ ಮಾರುತ್ತ ಕೂರುವವನು ನಾನು. ದಿಕ್ಕು ಮಾತ್ರ ಅವಳ ಹೆಸರಿಗೆ. ಕುಣಿದು ದಣಿದವರಿಗೆ ಮಜ್ಜಿಗೆ ಕೊಡುತ್ತಿದ್ದವಳು ಅವಳು, ಬೆಲ್ಲದ ಚೂರನ್ನೂ ಕೊಡದವನು ನಾನು. ಗೋಕಾಕಕ್ಕೆ ಆಡಲು ಹೋದಾಗಲೂ ಅಲ್ಲಿಯ ಬಯಲಿನ ಒಂದು ಬದಿಗೆ ‘ನೀಲವ್ವನ ಕಡೆ’ ಎಂದೇ ಕೂಗಿದರು. ಅದು ಯಾವ ದೇವಿಯೋ ಎಂದು ಅಲ್ಲಿನವರು ಕೈಮುಗಿದರು. ನನಗೆ ಹೊಟ್ಟೆಕಿಚ್ಚಾಯಿತು. ಊರೆಲ್ಲ ಗಂಟಲು ಹರಿದು ಕೂಗುವ ಹೆಸರನ್ನು ನಾನಂತೂ ಎತ್ತುವವನಲ್ಲ. ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯ ದಿನ, ಪ್ರಾಸ ಕಟ್ಟಿ ಒಡಪು ಹಾಕಿ ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹೆಂಗಸರು ಬಾಗಿಲು ತಡೆದಾಗ ಒಮ್ಮೆ ಗೊಣಗಿದ್ದೆ. ಆಮೇಲಿನ ಸಂಸಾರವೆಲ್ಲ ‘ಏ, ಇಲ್ನೋಡು’ ಎನ್ನುವುದರಲ್ಲೇ ನಡೆದಿತ್ತು.

ಪ್ಲೇಗಿನ ವರ್ಷ ಅಟ್ಟದಿಂದ ಇಲಿಗಳು ಬೀಳತೊಡಗಿದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಅವಳು ಗುಡಿಸಲಲ್ಲೇ ತೀರಿಕೊಂಡಳು. ಊರಿಗೆ ಮರಳಿ ಬೀಗ ತೆಗೆದವನು ರೂಢಿಯಂತೆ ‘ಏ, ಇಲ್ನೋಡು’ ಎಂದೆ. ಮಕ್ಕಳಿಲ್ಲದ ಮನೆ, ಯಾರು ನೋಡಬೇಕು?

ಕೆಲವು ತಿಂಗಳ ಮೇಲೆ ಮೇಳ ಮತ್ತೆ ಸೇರಿತು. ಉಳಿದವರು ಸೇರಿದರು ಎನ್ನಬೇಕು. ಭರಮಪ್ಪ ಕಾಕಾ ಗುಡಿ ಎಂದರು, ಬಾವಿ ಎಂದರು, ಗೌಡರ ಮನೆ ಎಂದರು. ನಮ್ಮ ಮನೆಯ ಸರದಿ ಬಂದಾಗ ನನ್ನ ಮುಖ ನೋಡಿ, “ಆ... ಆ ಕಡೆ ಬರ್ರಿ” ಎಂದು ಗಾಳಿಯಲ್ಲಿ ಕೈಯಾಡಿಸಿದರು. ಅರ್ಧ ಜನ ಬಾವಿಯತ್ತ ಹೋದರು, ಅರ್ಧ ಜನ ಗುಡಿಯತ್ತ. ಯಾರದೋ ಬೆರಳು ಜಜ್ಜಿಹೋಯಿತು. ಜಜ್ಜಿಸಿಕೊಂಡವನು ಬಯ್ಯುವುದನ್ನು ಬಿಟ್ಟು ನನ್ನನ್ನು ಕನಿಕರದಿಂದ ನೋಡಿದ. ದಿನವೂ ಇದೇ ಪಾಡು. ಅವರ ಈ ಮರ್ಯಾದೆ ನನಗೆ ಸಹಿಸಲಾಗದಾಯಿತು. ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ, ಗಂಡ ಹೆಸರೆತ್ತುವುದಿಲ್ಲ. ಇಲ್ಲಿ ಕೂಗುವುದೂ ನಿಂತರೆ ಆ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು.

“ಕಾಕಾ, ಆ ಕಡೆಗೆ ಹೆಸರಿಲ್ಲೇನ್ರಿ?” ಎಂದೆ.

“ಹೆಂಗ ಒದರ್ಲೋ ತಮ್ಮಾ? ನಿನ್ನ ಹೊಟ್ಟ್ಯಾಗ ಸಂಕಟ ಆಗ್ತೈತಿ.”

“ಆಗ್ಲಿ ಬಿಡ್ರಿ. ಒದರ್ರಿ.”

“ಏನಂತ ಒದರ್ಲಿ? ನೀನ ಹೇಳು.”

ಬೇಕೆಂದೇ ಕೇಳಿದರೋ ಏನೋ. ಎಲ್ಲರೂ ಕೋಲು ಇಳಿಸಿ ನನ್ನ ಬಾಯಿ ನೋಡುತ್ತ ನಿಂತಿದ್ದರು. ಈ ವಯಸ್ಸಿನಲ್ಲೂ ನಾಚಿಕೆಯಿಂದ ಮುಖ ಬಿಸಿಯಾಯಿತು.

“ನೀಲವ್ವನ ಕಡೆ ಅನ್ರಿ.”

ಕಾಕಾ ಗಂಟಲು ಬಿಚ್ಚಿ ಕೂಗಿದರು. ಇಡೀ ಮೇಳ ತಪ್ಪಿಲ್ಲದೆ ಆ ಕಡೆ ತಿರುಗಿತು, ಮುಂದಿನ ಹೆಜ್ಜೆಗೆ ಗುಡಿಯ ಕಡೆಗೂ ತಿರುಗಿತು. ನಾನೊಬ್ಬ ಮುಚ್ಚಿದ ಬಾಗಿಲು ನೋಡುತ್ತ ನಿಂತುಬಿಟ್ಟಿದ್ದೆ. ಹಿಂದಿನವನು ಬೀಸಿದ ಕೋಲು ಸರಿಯಾಗಿ ಬೆನ್ನಿಗೆ ಬಿತ್ತು. ಹೊಲದಲ್ಲಿ ಬಾರದ ಅಳು ಆಗ ಬಂತು, ಬಯಲಿನ ನಡುವೆ ಕೂತು ಜೋರಾಗಿ ಅತ್ತೆ. ಅಷ್ಟು ಸಣ್ಣ ಪೆಟ್ಟಿಗೆ ಅಷ್ಟು ಅಳುವ ಗಂಡಸನ್ನು ಕಂಡಿಲ್ಲವೆಂದು ಊರವರು ಇಂದಿಗೂ ನಗುತ್ತಾರೆ. ಕೇಳಿದವರಿಗೆಲ್ಲ, ಬೆನ್ನು ಇನ್ನೂ ನೋಯುತ್ತದೆ ಎನ್ನುತ್ತೇನೆ.