ಎರಡು ಬಕೆಟ್ ರದ್ದಿಯಲ್ಲಿ ಮಾವನವರ ಮುಖ

ಗದಗ ಹೊಸ ಜಿಲ್ಲೆಯಾದ ಮರುವರ್ಷ ಇದು ನಡೆದದ್ದು. ಅಲ್ಲ, ಅದರ ಮುಂದಿನ ವರ್ಷ ಎನ್ನುತ್ತಾಳೆ ನನ್ನ ಹೆಂಡತಿ ಕಸ್ತೂರಿ. ನಾನು ವಾದಿಸುವುದಿಲ್ಲ. ಧಾರವಾಡದಲ್ಲಿ ಮನಃಶಾಸ್ತ್ರ ಓದಿ ಬಂದು, ಮನುಷ್ಯನ ನೆನಪು ನಂಬಲು ತಕ್ಕದ್ದಲ್ಲ ಎಂಬುದನ್ನೇ ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡಿ ಹೊಟ್ಟೆ ಹೊರೆಯುವವನು ನಾನು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಆ ಮಾತನ್ನು ತಪ್ಪದೆ ಸಾಬೀತುಪಡಿಸುತ್ತಾರೆ. ಇಷ್ಟು ತಿಳಿದವನು ಆ ಗೊಂಬೆಯ ಕೆಲಸ ಒಪ್ಪಿಕೊಳ್ಳಬಾರದಿತ್ತು. ಒಪ್ಪಿಕೊಂಡೆ.

ಕಸ್ತೂರಿಯ ತವರು ಬೆಟಗೇರಿಯ ನೇಕಾರರ ಮನೆ. ಅವಳ ತಂಗಿ ಶೋಭಾಳ ಮದುವೆ ಶಿಗ್ಲಿಯ ಹುಡುಗನೊಂದಿಗೆ ಗೊತ್ತಾಗಿತ್ತು. ಮದುವೆ ಎಂದ ಮೇಲೆ ರುಖವತ ಇಡಬೇಕು. ಹೆಣ್ಣಿನ ಕಡೆಯವರು ತಾವು ಕೈಯಾರೆ ಮಾಡಿದ ಉಂಡಿ, ಚಕ್ಕಲಿ, ಚಿತ್ತಾರದ ಕೊಬ್ಬರಿ ಬಟ್ಟಲು, ಗೊಂಬೆಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಡುತ್ತಾರೆ. ಗಂಡಿನ ಕಡೆಯ ಹೆಂಗಸರು ಬಂದು ಬಾಯಲ್ಲಿ ಹೊಗಳುತ್ತಾರೆ, ಕಣ್ಣಲ್ಲಿ ತೆಗಳುತ್ತಾರೆ, ಕೊನೆಗೆ ಎಲ್ಲವನ್ನೂ ಕಟ್ಟಿಕೊಂಡು ಊರಿಗೆ ಒಯ್ಯುತ್ತಾರೆ. ಉಂಡಿ ಚಕ್ಕಲಿಗೆ ಅತ್ತೆಯವರಿದ್ದರು. ಶೋಭಾಳಿಗೆ ಬೇಕಾಗಿದ್ದದ್ದು ಬೇರೆ.

"ಮಾಮಾ, ರುಖವತದಾಗ ನಮ್ಮ ಅಪ್ಪ ಮಗ್ಗದಾಗ ಕುಂತಿದ್ದೊಂದು ಗೊಂಬಿ ಇರಬೇಕು ನೋಡ್ರಿ" ಎಂದಳು. "ಅಕ್ಕನ ಲಗ್ನದಾಗ ಅಪ್ಪ ಇದ್ದ. ನನ್ನ ಲಗ್ನದಾಗೂ ಇರಬೇಕು."

ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಫೋಟೋ ತೆಗೆಸಿಕೊಳ್ಳುವ ಹವ್ಯಾಸ ಅವರಿಗಿರಲಿಲ್ಲ. ಇದ್ದದ್ದು ಒಂದೇ, ನನ್ನ ಮದುವೆಯ ಗುಂಪಿನ ಫೋಟೋ. ಅದರಲ್ಲಿ ಅವರ ಮುಖ ಇರಬೇಕಾದ ಜಾಗದಲ್ಲಿ ನನ್ನ ಬಾಸಿಂಗವಿದೆ. ಈ ಅಪರಾಧದ ಹೊಣೆ ಸ್ವಲ್ಪ ಮಟ್ಟಿಗೆ ನನ್ನದೇ ಆದ್ದರಿಂದ ನಾನು ಎದೆ ಉಬ್ಬಿಸಿ ಹೇಳಿದೆ:

"ಫೋಟೋ ಯಾಕ ಬೇಕವಾ? ಅವರ ಮಾರಿ ನನ್ನ ಕಣ್ಣಿಗೆ ಕಟ್ಟಿಧಂಗ ಐತಿ. ಮುಖಾ ನಾ ಮಾಡ್ತೇನಿ."

"ಮೊನ್ನೆ ಚಪ್ಪಲಿ ಎಲ್ಲಿ ಬಿಟ್ಟೇನಿ ಅನ್ನೂದು ಮರತು ಬರಿಗಾಲಾಗ ಮನಿಗೆ ಬಂದವರು ನೀವು" ಎಂದಳು ಕಸ್ತೂರಿ.

"ಚಪ್ಪಲಿ ಬ್ಯಾರೆ, ಮಾವ ಬ್ಯಾರೆ" ಎಂದೆ. ಆ ಕ್ಷಣದಲ್ಲಿ ಅದು ಭಾರಿ ಮಾತಾಗಿ ಕೇಳಿಸಿತು.

ಆದರೂ ಶಾಸ್ತ್ರೀಯವಾಗಿ ಮುಂದುವರಿಯಬೇಕಲ್ಲ. ನನ್ನ ನೆನಪಿನ ಜೊತೆಗೆ ಉಳಿದವರ ಸಾಕ್ಷ್ಯವನ್ನೂ ಸಂಗ್ರಹಿಸುವುದೆಂದು ನಿರ್ಧರಿಸಿ ಒಂದು ಪುಸ್ತಕ, ಎರಡು ಬಣ್ಣದ ಪೆನ್ನು ಹಿಡಿದು ಬೆಟಗೇರಿಗೆ ಹೋದೆ. ಮೊದಲ ಸಾಕ್ಷಿ ಅತ್ತೆಯವರು. ಅವರು ಉಂಡಿ ಕಟ್ಟುತ್ತಿದ್ದರು.

"ಮೀಸಿ ಇತ್ತೇನ್ರಿ ಅತ್ತಿ?"

"ಇತ್ತು. ತಡೀರಿ ಅಳಿಯಂದ್ರ. ಅದು ನಮ್ಮ ಅಣ್ಣಗ ಇತ್ತು."

"ಮೂಗು?"

"ಮೂಗಂತೂ ಇತ್ತು."

"ಅಲ್ರಿ ಅತ್ತಿ, ನಲವತ್ತು ವರ್ಷ ಸಂಸಾರ ಮಾಡೀರಿ."

"ಸಂಸಾರ ಮಾಡೇನ್ರಿ. ಮಾರಿ ನೋಡಕೋತ ಕುಂತಿಲ್ಲ."

ಮೀಸೆ ತೆಳ್ಳಗಿತ್ತು ಎಂದಳು ಕಸ್ತೂರಿ. ಇರಲೇ ಇಲ್ಲ ಎಂದಳು ಶೋಭಾ. ನಮ್ಮ ಪಕ್ಕದ ಮನೆಯ ಖಾಜಾಸಾಬರು ಮಾವನವರ ಓರಗೆಯವರು. ಪುಸ್ತಕಗಳ ಬೈಂಡಿಂಗ್ ಮಾಡಿ ಮಾಡಿ ಬೆರಳುಗಳೇ ರಟ್ಟಿನಂತೆ ಗಟ್ಟಿಯಾದವರು. ಅವರನ್ನು ಕೇಳಿದರೆ, "ಮೀಸಿದು ಖರೇನ ಗೊತ್ತಿಲ್ರಿ ಸರ. ಕೆಮ್ಮು ಮಾತ್ರ ಇತ್ತು" ಎಂದರು. ಕೆಮ್ಮನ್ನು ಕಾಗದದಲ್ಲಿ ಮಾಡುವ ವಿದ್ಯೆ ನನಗೆ ತಿಳಿದಿರಲಿಲ್ಲ. ಎಲ್ಲ ಹೇಳಿಕೆಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಮೀಸೆ ಇಡತಕ್ಕದ್ದೆಂದೂ, ಸಂಶಯಕ್ಕೆ ಅವಕಾಶವಿರುವಂತೆ ತೆಳ್ಳಗೆ ಇಡತಕ್ಕದ್ದೆಂದೂ ಠರಾವು ಪಾಸು ಮಾಡಿಕೊಂಡೆ. ಮಿಕ್ಕದ್ದಕ್ಕೆ ನನ್ನ ನೆನಪೇ ಆಧಾರ.

ನಮ್ಮ ಕಡೆ ಹೆಣ್ಣುಮಕ್ಕಳು ರದ್ದಿ ಕಾಗದ ನೆನೆಹಾಕಿ, ರುಬ್ಬಿ, ಮೆಂತ್ಯದ ಹಿಟ್ಟು ಬೆರೆಸಿ ಬುಟ್ಟಿ ಮಾಡುತ್ತಾರೆ. ಬುಟ್ಟಿಯಾಗುವುದಾದರೆ ಮುಖವೂ ಆಗಬೇಕು, ಎರಡೂ ಟೊಳ್ಳೇ. ಕಸ್ತೂರಿ ಎರಡು ಬಕೆಟ್ ತುಂಬ ರದ್ದಿ ನೆನೆಹಾಕಿದಳು. ಎರಡನೆಯ ಬಕೆಟ್ಟಿನಲ್ಲಿ ಕೈಬರಹದ ಹಾಳೆಗಳು ತೇಲುತ್ತಿದ್ದವು. ಬಗ್ಗಿ ನೋಡಿದೆ. ಎಂಟು ವರ್ಷದಿಂದ ಅಟ್ಟದ ಮೇಲಿದ್ದ ನನ್ನ ಪಿಎಚ್.ಡಿ. ಪ್ರಬಂಧದ ಕರಡು.

"ಇದನ್ನ ಯಾಕ ಹಾಕಿದಿ?"

"ಬರೀತೀರೇನ ಮುಂದ?"

ನಾನು ಬಕೆಟ್ಟಿಗೆ ಇನ್ನೊಂದು ತಂಬಿಗೆ ನೀರು ಹಾಕಿದೆ.

ಬೇಲಿಯಾಚೆಯಿಂದ ಖಾಜಾಸಾಬರು ಕೂಗಿ ಹೇಳಿದರು, "ಮೆಂತೇದ ಹಿಟ್ಟು ಮರೀಬ್ಯಾಡ್ರಿ ಸರ. ಇಲಿ ಮುಟ್ಟಂಗಿಲ್ಲ."

"ಅದಕ್ಕ ಪುರಾವೆ ಏನೈತ್ರಿ ಖಾಜಾಸಾಬ್ರ?"

"ಪುರಾವೆ ಇಲಿನ ಕೊಡ್ತಾವ್ರಿ."

ಪರೀಕ್ಷೆಗೆ ಒಳಪಡದ ಯಾವ ನಂಬಿಕೆಯನ್ನೂ ಒಪ್ಪಬಾರದೆಂದು ಗುರುಗಳು ಕಲಿಸಿದ್ದರು. ಆದಕಾರಣ ಮೊದಲ ಮುಖವನ್ನು ಮೆಂತ್ಯವಿಲ್ಲದೆ, ಜೋಳದ ಹಿಟ್ಟಿನ ಅಂಬಲಿಯಲ್ಲಿ ಕಲಸಿ ಮಾಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಇಲಿಗಳು ತಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದ್ದವು. ಮೂಗು ಇರಲಿಲ್ಲ. ಎಡಗಿವಿಯ ವಿಷಯದಲ್ಲಿ ಅವುಗಳಿಗೆ ಇನ್ನೂ ಒಮ್ಮತ ಮೂಡಿರಲಿಲ್ಲ.

ಎರಡನೆಯ ಮುಖಕ್ಕೆ ಮೆಂತ್ಯ ಹಾಕಿದೆ. ಎಷ್ಟು ಹಾಕಿದೆನೆಂದರೆ ಮನೆಯೆಲ್ಲ ಒಗ್ಗರಣೆಯ ವಾಸನೆ ಹೊಡೆಯಿತು. ಇಲಿ ಮುಟ್ಟಲಿಲ್ಲ. ಆದರೆ ಮಾಳಿಗೆಯ ಬಿಸಿಲಿನಲ್ಲಿ ಒಣಗುತ್ತ ಒಣಗುತ್ತ ಮುಖ ಬಿಗಿದುಕೊಂಡು, ತುಟಿಯ ಎರಡೂ ಅಂಚು ಮೇಲಕ್ಕೆ ಹೋದವು. ಗೊಂಬೆ ನಗತೊಡಗಿತು. ಮಾವನವರು ನಕ್ಕದ್ದನ್ನು ನಾನು ನೋಡಿದವನಲ್ಲ. ನಗುವನ್ನು ಇಳಿಸಲು ಒದ್ದೆ ಕಾಗದ ಮೆತ್ತಿದೆ. ಅದು ಒಣಗಿ ಇನ್ನಷ್ಟು ನಕ್ಕಿತು. ಕೆನ್ನೆಗೆ ಮೆತ್ತಿ ಸರಿದೂಗಿಸಿದೆ. ಕೆನ್ನೆಗಳು ತುಂಬಿಕೊಂಡವು. ಆಗ ಕೆನ್ನೆಗೆ ತಕ್ಕಂತೆ ಮೂಗನ್ನು ಅಗಲ ಮಾಡಬೇಕಾಯಿತು. ವಿಚಿತ್ರವೆಂದರೆ, ಹೀಗೆ ತಿದ್ದಿದಂತೆಲ್ಲ ಮುಖ ನನಗೆ ಹೆಚ್ಚು ಹೆಚ್ಚು ಪರಿಚಿತವಾಗಿ ಕಾಣುತ್ತ ಬಂತು. ಹದಿನೈದನೆಯ ದಿನ ಕುಂಚ ಕೆಳಗಿಟ್ಟು, "ಇವರೇ ನೋಡು" ಎಂದೆ.

ಕಸ್ತೂರಿ ಬಹಳ ಹೊತ್ತು ನೋಡಿದಳು. "ಎಲ್ಲೋ ನೋಡೇನಿ" ಎಂದಳು. ಸ್ವಂತ ಮಗಳು ತಂದೆಯ ಬಗ್ಗೆ ಹೇಳುವ ಮಾತು ಇದಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಬಳಿಕ ಕಾಲುಗಳು. ಎರಡು ದಿನ ಕೂತು ಎರಡು ಪಾದ, ಹತ್ತು ಬೆರಳು, ಬೆರಳಿಗೊಂದು ಉಗುರು ಮಾಡಿದೆ. ಹಿಮ್ಮಡಿಯ ಬಿರುಕನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಕಸ್ತೂರಿ ಕೇಳಿದಳು:

"ಅಪ್ಪಂದು ಕುಣಿ ಮಗ್ಗಲ್ಲೇನ್ರಿ?"

"ಹೌದು."

"ಕುಣಿಯಾಗ ಇಳಿಬಿಟ್ಟ ಕಾಲು ಯಾರಿಗೆ ಕಾಣಸ್ತಾವು?"

ನೆಲದಲ್ಲಿ ಕುಣಿ ತೋಡಿ, ಕಾಲನ್ನು ಅದರೊಳಗೆ ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯುವ ಮಗ್ಗ ಅದು. ಹತ್ತು ವರ್ಷ ಆ ಮನೆಗೆ ಅಳಿಯನಾಗಿ ಓಡಾಡಿದ್ದೆ. ಕಾಲುಗಳನ್ನು ತೆಗೆದು ಕಪಾಟಿನಲ್ಲಿಟ್ಟೆ. ಈಗಲೂ ಯಾರಾದರೂ ಕಪಾಟು ತೆರೆದರೆ ಹೆದರುತ್ತಾರೆ.

ಮಗ್ಗವನ್ನು ಖಾಜಾಸಾಬರು ರಟ್ಟು, ಬಿದಿರುಕಡ್ಡಿಗಳಿಂದ ಕಟ್ಟಿಕೊಟ್ಟರು. ಅತ್ತೆಯವರು ನಿಜವಾದ ನೂಲು ಬಿಗಿದು, ಕೆಂಪು ದಡಿಯ ಸೀರೆಯ ಒಂದು ಗೇಣು ತುಂಡು ಕೂಡಿಸಿದರು. ಮೈಯ ಒಳಗಿನ ತಂತಿಯ ಹಂದರ ಮಾತ್ರ ನನ್ನ ಲೆಕ್ಕಾಚಾರ. ಬೆನ್ನು ನೆಟ್ಟಗೆ, ಭುಜ ಸಮ, ತಲೆ ಎತ್ತಿ. ಆದರೆ ನೆನಪಿನ ಬಗೆಗಿನ ಪ್ರಬಂಧವೆಲ್ಲ ಸೇರಿ ತಲೆ ಒಂದೂವರೆ ಕಿಲೋ ಭಾರವಾಗಿತ್ತು. ಕೂರಿಸಿದ ಕೂಡಲೇ ತಂತಿ ಬಾಗಿ, ಬಲಭುಜ ಮೇಲೆದ್ದು, ಕತ್ತು ಮುಂದಕ್ಕೆ ಜೋತುಬಿತ್ತು. ಮತ್ತೆ ನೆಟ್ಟಗೆ ಮಾಡಿದೆ, ಮತ್ತೆ ಬಾಗಿತು.

"ಸರೀರಿ ಅತ್ಲಾಗ" ಎಂದು ಕಸ್ತೂರಿ ನನ್ನನ್ನು ಎಬ್ಬಿಸಿ, ಆ ಡೊಂಕು ಬೆನ್ನಿನ ಸುತ್ತ ಕಾಗದ ಸುತ್ತಿ, ನನ್ನದೊಂದು ಹಳೆಯ ಬನೀನು ಕತ್ತರಿಸಿ ಹೊಲಿದು ಹಾಕಿ, ಹೆಗಲಿಗೆ ಒಂದು ಟವೆಲಿನ ಚೂರು ಇಳಿಬಿಟ್ಟಳು. ಅರ್ಧ ಗಂಟೆಯ ಕೆಲಸ. "ಹಿಂದಿನ ಕಡೆ ಯಾರು ನೋಡ್ತಾರ" ಎಂದು ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮುಖ ಎಲ್ಲರಿಗೂ ಕಾಣಲೆಂದು ಗದ್ದದ ಕೆಳಗೆ ಒಂದು ಕಡ್ಡಿ ಊರಿ ತಲೆ ಎತ್ತಿಸಿದೆ.

ಮದುವೆಯ ದಿನ ಬೆಟಗೇರಿಯ ಕಲ್ಯಾಣಮಂಟಪದಲ್ಲಿ ರುಖವತದ ಮೇಜಿನ ನಟ್ಟನಡುವೆ ಗೊಂಬೆಯನ್ನು ಇಟ್ಟೆವು. ಶೋಭಾ ಒಳಗೆ ಸೀರೆ ಉಡುತ್ತಿದ್ದಳು. ಅಕ್ಷತೆಗೆ ಮುಂಚೆ ಬಂದು ಅಪ್ಪನಿಗೆ ಕೈಮುಗಿದು ಹೋಗುತ್ತೇನೆ, ಅಲ್ಲಿಯತನಕ ಯಾರೂ ತೋರಿಸಬೇಡಿ ಎಂದು ಆಣೆ ಹಾಕಿದ್ದಳು. ಅವಳಿಗಿಂತ ಮೊದಲು ಬೀಗರ ಕಡೆಯ ಹೆಂಗಸರು ಬಂದರು. ಮುಂದಿದ್ದ ಹಿರಿಯಾಕೆ ಗೊಂಬೆಯ ಎದುರು ಗಕ್ಕನೆ ನಿಂತಳು. ನಾನು ಹೊಗಳಿಕೆಗೆ ಸಿದ್ಧನಾಗಿ ಅಂಗಿಯ ಕಾಲರು ಸರಿಮಾಡಿಕೊಂಡೆ.

"ಏ, ಜಲ್ದಿ ಬರ್ರಿ ಇಲ್ಲೆ" ಎಂದು ಆಕೆ ಉಳಿದವರನ್ನು ಕರೆದಳು. "ನಮ್ಮ ಕಾಕಾನ್ನ ತಂದು ಮಗ್ಗದಾಗ ಕುಂಡ್ರಿಸ್ಯಾರ."

ನಗೆ ಎದ್ದಿತು. ಯಾರೋ ಓಡಿಹೋಗಿ ಕಾಕಾನನ್ನು, ಅಂದರೆ ಮನೆಯವರೆಲ್ಲ ಹಾಗೆ ಕರೆಯುವ ಮದುಮಗನ ತಂದೆಯನ್ನು ಕರೆತಂದರು. ಅವರು ಬಂದು ಗೊಂಬೆಯ ಪಕ್ಕ ನಿಂತರು. ಅದೇ ತುಂಬಿದ ಕೆನ್ನೆ. ಅದೇ ಅಗಲ ಮೂಗು. ಸಂಶಯಕ್ಕೆ ಅವಕಾಶವಿರುವಂತೆ ಅದೇ ತೆಳು ಮೀಸೆ. ತುಟಿಯ ಅಂಚಿನಲ್ಲಿ ಅದೇ ನಗು.

"ಅಲ್ರಿ ಸರ, ನಾ ಹತ್ತಿ ಮಾರಾಂವ. ನನ್ನ ನೇಯಾಕ ಹಚ್ಚೀರಲ್ಲ" ಎಂದರು. ಬೀಗರನ್ನು ಚೇಷ್ಟೆ ಮಾಡಲೆಂದೇ ಮಾಡಿದ್ದು ಎಂದು ಅವರು ತಿಳಿದಿದ್ದರು. ಬಹಳ ಖುಷಿಯಾಗಿದ್ದರು.

ನಡೆದದ್ದು ಇಷ್ಟೇ. ಮಾತುಕತೆಗೆಂದು ಶಿಗ್ಲಿಗೆ ಹೋದಾಗ ಈ ಬೀಗರು ಎರಡು ತಾಸು ನನ್ನೆದುರು ಕೂತು ಹತ್ತಿಯ ವಿಷಯ ಮಾತಾಡಿದ್ದರು. ಖಾಲಿ ಇದ್ದ ಜಾಗಕ್ಕೆ ಹೊಸ ನೆನಪು ಬಂದು ಹಳೆಯದರ ಹೆಸರಿನಲ್ಲಿ ಕೂತುಬಿಡುತ್ತದೆ ಎಂಬುದನ್ನು ನಾನು ಬಿ.ಎ. ಎರಡನೆಯ ವರ್ಷದವರಿಗೆ ಉದಾಹರಣೆ ಸಹಿತ ಕಲಿಸುತ್ತೇನೆ. ಇಷ್ಟು ಒಳ್ಳೆಯ ಉದಾಹರಣೆ ಅಲ್ಲಿಯತನಕ ನನ್ನ ಬಳಿ ಇರಲಿಲ್ಲ.

ಅಷ್ಟರಲ್ಲಿ ಶೋಭಾ ಬಂದಳು. ಬಾಸಿಂಗ ಕಟ್ಟಿತ್ತು, ಕೈಗಳು ಮುಗಿಯಲು ಅರ್ಧ ಎದ್ದಿದ್ದವು. ಗೊಂಬೆಯನ್ನು ನೋಡಿದಳು, ಅದರ ಪಕ್ಕ ನಗುತ್ತ ನಿಂತ ಬೀಗರನ್ನು ನೋಡಿದಳು. ಕೈ ಕೆಳಗಿಳಿದವು.

"ಮಾಮಾ, ಇದು ಅಪ್ಪ ಅಲ್ಲ" ಎಂದಳು ಮೆಲ್ಲಗೆ. "ಅಪ್ಪ ಬರಲೇ ಇಲ್ಲ ಹಂಗಾರ."

ಸುತ್ತ ನಗೆ ನಿಂತಿತು. ಬೀಗರು ತಮ್ಮದೇನೋ ತಪ್ಪಾಯಿತೆಂಬಂತೆ ಒಂದು ಹೆಜ್ಜೆ ಹಿಂದೆ ಸರಿದರು. ಅವಳ ಕಣ್ಣು ತುಂಬಿತ್ತು. ನಾನು ಗಂಟಲು ಸರಿಪಡಿಸಿಕೊಂಡು, "ನೋಡು ಶೋಭಾ, ನೆನಪು ಅನ್ನೂದು" ಎಂದು ಶುರುಮಾಡಿದೆ.

"ನೀವು ಸುಮ್ನ ನಿಂದರ್ರಿ" ಎಂದಳು ಕಸ್ತೂರಿ.

ಅತ್ತೆಯವರು ಅಡುಗೆಯ ಕಡೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದರು. ಗೊಂಬೆಯನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ನೋಡಿದರು. ಗದ್ದಕ್ಕೆ ಊರಿದ್ದ ನನ್ನ ಕಡ್ಡಿಯನ್ನು ಕಿತ್ತು ಬದಿಗಿಟ್ಟರು. ತಲೆ ಮುಂದಕ್ಕೆ ಬಾಗಿತು. ಆಮೇಲೆ ಮಗ್ಗದ ರಟ್ಟು ಹಿಡಿದು ಇಡೀ ಗೊಂಬೆಯನ್ನು ಹಿಂದುಮುಂದಾಗಿ ತಿರುಗಿಸಿದರು. ಮುಖ ಗೋಡೆಗೆ, ಬೆನ್ನು ನಮಗೆ.

"ಈಗ ನೋಡವಾ" ಎಂದರು.

ಬಗ್ಗಿದ ಕತ್ತು. ಸ್ವಲ್ಪ ಮೇಲೆದ್ದ ಬಲಭುಜ. ಬೆನ್ನಿನ ಮೇಲೆ ಸುಕ್ಕಾದ ಬನೀನು, ಜಾರಿ ಬೀಳಲಿರುವ ಟವೆಲು. ಇಷ್ಟು ಬೇಗ ಯಾರಾದರೂ ಯಾರನ್ನಾದರೂ ಗುರುತಿಸಿದ್ದನ್ನು ನಾನು ಕಂಡಿಲ್ಲ.

"ಅಪ್ಪಾ" ಎಂದಳು ಶೋಭಾ. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ನನ್ನ ನೆನಪಿನಲ್ಲಿ ಎರಡೂ ಇವೆ.

"ಕಿಟಕಿ ಬೆಳಕಿಗೆ ಮಾರಿ ಮಾಡಿ ಕುಂತಾಂವ" ಎಂದು ಅತ್ತೆಯವರು ಬೀಗಿತಿಗೆ ವಿವರಿಸುತ್ತಿದ್ದರು. "ನಾವೆಲ್ಲ ಹಿಂದ ಓಡಾಡೋರು. ಚಾ ಕೊಡೋ ಮುಂದ ಬೆನ್ನು, ಉಣ್ಣಾಕ ಕರೆಯೋ ಮುಂದ ಬೆನ್ನು. ಮಾರಿ ತೋರಸಾಕ ಆ ಮನಷ್ಯಾಗ ಪುರಸತ್ತ ಎಲ್ಲಿತ್ರಿ?"

ಶೋಭಾ ಕೈಮುಗಿದಳು. ಅಕ್ಷತೆ ಬಿತ್ತು. ಊಟದ ಪಂಕ್ತಿಯಲ್ಲಿ ಖಾಜಾಸಾಬರು ನನ್ನ ಪಕ್ಕ ಕೂತು, "ಬೆನ್ನು ಭಾಳ ಛಲೋ ಮಾಡೀರಿ ಸರ" ಎಂದರು. ಆ ಬೆನ್ನಿನಲ್ಲಿ ನನ್ನ ಪಾಲು ಎಂದರೆ ತಾಳಲಾರದ ತಂತಿ ಮತ್ತು ಹರಿದ ಬನೀನು. ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಯಾರೋ ಅದರ ಎದುರಿಗೆ ಜಿಲೇಬಿ ಹಿಡಿದರು.

ಗೊಂಬೆ ರುಖವತದ ಸಾಮಾನಿನೊಂದಿಗೆ ಶಿಗ್ಲಿಗೆ ಹೋಯಿತು. ತಿಂಗಳಾದ ಮೇಲೆ ಶೋಭಾಳ ಕಾಗದ ಬಂತು. ಅದನ್ನು ಪಡಸಾಲೆಯಲ್ಲಿ ಇಟ್ಟಿದ್ದಾರಂತೆ. ಬೆಳಿಗ್ಗೆ ಅವಳು ಬೆನ್ನು ಈಚೆಗೆ ಬರುವಂತೆ ತಿರುಗಿಸಿಡುತ್ತಾಳೆ. ಸಂಜೆ ಅಂಗಡಿಯಿಂದ ಬಂದ ಬೀಗರು ತಮ್ಮ ಮುಖ ಕಾಣುವಂತೆ ತಿರುಗಿಸಿಕೊಳ್ಳುತ್ತಾರೆ. ಈ ವಿಷಯದಲ್ಲಿ ಸೊಸೆಗೂ ಮಾವನಿಗೂ ಒಮ್ಮೆಯೂ ಜಗಳವಾಗಿಲ್ಲ. ಕೊನೆಯಲ್ಲಿ ಹೀಗೆ ಬರೆದಿದ್ದಳು: "ಮೀಸಿ ಬಿದ್ದೈತಿ. ಹಚ್ಚಾಕ ಅಕ್ಕನ್ನ ಕಳಸ್ರಿ. ಮಾಮಾ, ನೀವು ಉಣ್ಣಾಕಷ್ಟ ಬರ್ರಿ."

ಇಬ್ಬರೂ ಹೋದೆವು. ಕಸ್ತೂರಿ ಅಂಟು ಕಲಸಿ ಮೀಸೆಯನ್ನು ಅಚ್ಚುಕಟ್ಟಾಗಿ ಕೂಡಿಸಿದಳು. ನಾನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು, ಎಡಗಡೆ ಒಂಚೂರು ಒತ್ತು ಎಂದು ಸಲಹೆ ಕೊಟ್ಟೆ, ಅಷ್ಟೇ.

ಒತ್ತಿದಳು. ಮೀಸೆ ಬಿತ್ತು. ಜೊತೆಗೆ ಮೂಗೂ ಬಿತ್ತು.