ಗೋಬಿ ತಟ್ಟೆಯೂ ನನ್ನ ಬೆನ್ನೂ

ನಾಚಿಕೆ ಸ್ವಭಾವದವರಿಗೆ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ಮುಖ ಮರೆಸಿಕೊಂಡರೆ ಸಾಕು, ಇಡೀ ಮನುಷ್ಯರೇ ಮರೆಯಾದಂತೆ ಎಂದುಕೊಂಡಿರುತ್ತಾರೆ. ನಾನೂ ಅರವತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ನಮ್ಮ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಉತ್ತರ ಅದೇ ಸ್ಲೇಟಿನ ಮೇಲೆ ಇರುತ್ತಿತ್ತು. ಮೇಷ್ಟ್ರು ಓದಿಕೊಂಡು ಮುಂದೆ ಹೋಗುತ್ತಿದ್ದರು. ಮದುವೆಯಾದ ಮೇಲೆ ಸ್ಲೇಟಿನ ಜಾಗಕ್ಕೆ ಸೆರಗು ಬಂತು. ಚೈತ್ರಾ, ನಂದೀಶ, ಇಂಥ ನಿಮ್ಮ ಅಜ್ಜಿ ಶಾಲೆಯ ಸಭೆಯಲ್ಲಿ ಎದ್ದು ನಿಂತು ಮಾತಾಡಿದ ಕಥೆಯನ್ನು ನೀವು ಕಂಡವರಿಗೆಲ್ಲ ಹೇಳುತ್ತೀರಿ, ಹೇಳಿದಾಗಲೆಲ್ಲ ಒಂದಿಷ್ಟು ಸೇರಿಸುತ್ತೀರಿ. ಮೊನ್ನೆ ನಂದೀಶ, ಅಜ್ಜಿ ಮೈಕು ಕಿತ್ಕೊಂಡ್ಳು ಎಂದ. ಅಲ್ಲಿ ಮೈಕೇ ಇರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಬಗ್ಗೆ ಕೇರಿಗೆಲ್ಲ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತು. ರಾತ್ರಿ ಹಗುರಾಗಿ ಉಣ್ಣಬೇಕು, ಖಾರ ಬಿಡಬೇಕು, ಶನಿವಾರ ಒಪ್ಪತ್ತು ಮಾಡಬೇಕು. ನಾನು ಎಲ್ಲದಕ್ಕೂ ಹೂಂ ಅಂದೆ. ಆದರೆ ತಿಂಗಳಿಗೊಂದು ಶನಿವಾರ ಬಿಪಿ ತೋರಿಸಲು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಒಬ್ಬಳೇ ಬಸ್ಸು ಹತ್ತುತ್ತಿದ್ದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದು, "ಎಣ್ಣೆ ಪದಾರ್ಥ ಕಮ್ಮಿ ಮಾಡ್ರಿ" ಎನ್ನುತ್ತಿದ್ದರು. ಅಲ್ಲಿಗೂ ಹೂಂ ಅಂದು ನೇರ ತಿಪ್ಪಣ್ಣನ ಗಾಡಿಗೆ ಹೋಗುತ್ತಿದ್ದೆ.

ತಿಪ್ಪಣ್ಣನ ಬಾಣಲೆಯಲ್ಲಿ ಗೋಬಿ ಮಂಚೂರಿ ಚೊರ್ರೆನ್ನುವ ಸದ್ದು ಕೇಳಿದರೆ ನನ್ನ ಬಿಪಿ ಅಲ್ಲೇ ಇಳಿಯುತ್ತಿತ್ತು. ಅವನು ಸ್ಟೂಲು ಒರೆಸಿ, "ಬರ್ರಿ ಅಮ್ಮ, ಕುಂತ್ಕಳ್ರಿ. ಖಾರ ಮುಂದ್ಕ ಇರ್ಲಾ?" ಎನ್ನುತ್ತಿದ್ದ. ಅರವತ್ತು ವರ್ಷದಲ್ಲಿ ನನಗೆ ಖಾರ ಎಷ್ಟು ಬೇಕೆಂದು ಕೇಳಿದ ಮೊದಲ ಮನುಷ್ಯ ಅವನು. ರಸ್ತೆಗೆ ಬೆನ್ನು ಹಾಕಿ ಕೂತು ಪೂರ್ತಿ ಪ್ಲೇಟು ಮುಗಿಸುತ್ತಿದ್ದೆ. ಗಾಡಿಯ ಮೇಲೆ 'ಫಾಸ್ಟ್ ಫುಡ್' ಎಂದು ಬರೆದಿತ್ತು. ಚೈತ್ರಾಳ ನಿಘಂಟಿನಲ್ಲಿ ಹುಡುಕಿದೆ. ಫಾಸ್ಟ್ ಎಂದರೆ ವೇಗ ಎಂದಿತ್ತು, ಕೆಳಗೆ ಉಪವಾಸ ಎಂದೂ ಇತ್ತು. ಹಾಗಾದರೆ ಇದು ಉಪವಾಸದ ಆಹಾರವೇ ಆಯಿತು, ಶನಿವಾರಕ್ಕೆ ಏನೂ ಭಂಗವಿಲ್ಲ ಎಂದು ನಿಘಂಟು ಮುಚ್ಚಿದೆ. ಅರ್ಥ ತಿಳಿಯದೆ ಅಲ್ಲ. ಎರಡು ಅರ್ಥ ಕೊಟ್ಟು ಆರಿಸಿಕೋ ಎಂದಾಗ ನಮಗೆ ಬೇಕಾದ್ದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪೇನು?

ಹೀಗಿರುವಾಗ ನಿಮ್ಮ ಶಾಲೆಯಲ್ಲಿ ಆ ಸಾಕ್ಷ್ಯಚಿತ್ರ ತೋರಿಸಿದರು. ಫಾಸ್ಟ್ ಫುಡ್ಡಿನಿಂದ ಬೊಜ್ಜು ಹೇಗೆ ಬರುತ್ತದೆ, ಆರೋಗ್ಯ ಹೇಗೆ ಕೆಡುತ್ತದೆ ಎಂಬ ಚಿತ್ರ. ಮನೆಯವರೆಲ್ಲ ಬರಬೇಕೆಂದು ಚೀಟಿ ಬಂದಿತ್ತು. ನಿಮ್ಮಮ್ಮ ಶಶಿಕಲಾ, ನೀವಿಬ್ಬರು, ನಾನು, ನಾಲ್ಕನೇ ಸಾಲಿನಲ್ಲಿ ಕೂತೆವು. ಕಿಟಕಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಮೊದಲು ದೊಡ್ಡ ಊರುಗಳ ದೊಡ್ಡ ಹೋಟೆಲು ಬಂದವು. ಆಮೇಲೆ ದಪ್ಪಗಿನ ಜನ ಬಂದರು. ವಿಚಿತ್ರವೆಂದರೆ ಅವರಲ್ಲಿ ಒಬ್ಬರಿಗೂ ತಲೆ ಇರಲಿಲ್ಲ. ಹೊಟ್ಟೆ ನಡೆಯುತ್ತಿತ್ತು, ಸೊಂಟ ನಡೆಯುತ್ತಿತ್ತು, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ನನಗೆ ಅಯ್ಯೋ ಪಾಪ ಅನ್ನಿಸಿತು.

ಅಷ್ಟರಲ್ಲಿ ಪರದೆಯ ಮೇಲೆ ತಿಪ್ಪಣ್ಣನ ಗಾಡಿ ಬಂತು, ಯಾವಾಗ ಬಂದು ತೆಗೆದಿದ್ದರೋ. ಅದರ ಮುಂದೆ ಒಂದು ಬೆನ್ನು. ಪರದೆ ತುಂಬುವಷ್ಟು ಅಗಲದ ಬೆನ್ನು. ಹಸಿರು ಸೆರಗಿನ ನಟ್ಟನಡುವೆ ಒಂದು ಹಳದಿ ಬಾತುಕೋಳಿ, ಎಮ್ಮೆಯಷ್ಟು ದೊಡ್ಡದು.

"ಅದು ನಾನು ಹಾಕಿದ ಬಾತುಕೋಳಿ!" ಎಂದು ಚೈತ್ರಾ ಕೂಗಿದಳು. ಇಸ್ತ್ರಿಪೆಟ್ಟಿಗೆ ಕೂತು ಸುಟ್ಟ ತೂತು ಮುಚ್ಚಲು ಅವಳೇ ಹೊಲಿದುಕೊಟ್ಟದ್ದು. "ಅಜ್ಜಿ, ನಿನ್ನ ಸೀರೆ!"

ಇಡೀ ಕೊಠಡಿ ನಕ್ಕಿತು. ಪರದೆಯೊಳಗಿನ ಗಂಡಸು ಗಂಭೀರವಾಗಿ, ಸೋಮಾರಿ ಜೀವನ ಮತ್ತು ನಾಲಿಗೆಯ ಚಪಲದ ಫಲವಿದು ಎಂದ. ಶಶಿಕಲಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಇದೇನ್ರೀ ಅತ್ತೆ ನಿಮ್ಮ ಬಿಪಿ? ಇನ್ಮ್ಯಾಲೆ ದುರ್ಗಕ್ಕೆ ಹೋಗಾದು ಬ್ಯಾಡ. ಇಲ್ಲೇ ತೋರ್ಸಾಣ ಬಿಡ್ರಿ."

ಜನ ನಕ್ಕದ್ದನ್ನು ಹೇಗೋ ತಡೆದುಕೊಂಡಿದ್ದೆ. ನನ್ನ ಶನಿವಾರವೇ ಕೈತಪ್ಪುತ್ತದೆ ಎಂದಾಗ ಕಾಲು ತಾನಾಗಿ ನೆಟ್ಟಗಾಯಿತು, ಎದ್ದು ನಿಂತಿದ್ದೆ. ಹೆಡ್ಮಾಸ್ತರು ಗಾಬರಿಯಾಗಿ ಚಿತ್ರ ನಿಲ್ಲಿಸಿದರು. ಅದು ಸರಿಯಾಗಿ ನನ್ನ ಬೆನ್ನಿನ ಮೇಲೇ ನಿಂತಿತು.

"ಆ ಬೆನ್ನು ನಂದೇ ಸಾರ್" ಎಂದೆ. ದನಿ ಯಾರದೋ ಅನ್ನಿಸಿತು. "ತಲೇನೂ ಐತೆ, ನೋಡ್ರಿ, ಇಲ್ಲೈತೆ. ತೋರ್ಸಾದಾದ್ರೆ ಪೂರ್ತಿ ತೋರ್ಸ್ರಿ. ಸೋಮಾರಿ ಅಂತಾನಲ್ಲ ಆತ, ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯಾಕೆ ಬಂದಿದ್ನಾ?"

"ಕುಂತ್ಕಳ್ರಿ ಅಮ್ಮ, ನಿಮಗಂತ ಹೇಳಿದ್ದಲ್ಲ" ಎಂದರು ಹೆಡ್ಮಾಸ್ತರು.

"ಬಾತುಕೋಳಿ ನಂದೇ ಅಲ್ರೀ? ತಿಂಗ್ಳಿಗೊಂದು ಪ್ಲೇಟು ಗೋಬಿಗೆ ಈ ಮೈ ಬರಲ್ಲ ಸಾರ್. ಗಂಡ ಬಿಟ್ಟ ಮುದ್ದೆ, ಮಕ್ಕಳು ಬಿಟ್ಟ ಅನ್ನ, ಮೊಮ್ಮಕ್ಕಳು ಬಿಟ್ಟ ಉಪ್ಪಿಟ್ಟು, ಚೆಲ್ಲಾಕಾಗದೆ ನಲವತ್ತು ವರ್ಷ ನಾನೇ ತಿಂದೀನಿ. ಅದರದ್ದೂ ಒಂದು ಚಿತ್ರ ತೆಗೀರಿ. ಗೋಬಿ ಒಂದೇ ನೋಡ್ರಿ, ನನಗಂತ ಮಾಡಿದ್ದು."

ನಗು ನಿಂತಿತು. ಹಿಂದಿನ ಸಾಲಿನಿಂದ ಯಾರೋ ಹೆಂಗಸು, "ಖರೇ ಐತೆ ಬಿಡ್ರಿ" ಎಂದಳು. ನಾನು ಕೂತೆ.

ಅವತ್ತು ಮನೆಯಲ್ಲಿ ಊಟವಾದ ಮೇಲೆ ನಂದೀಶನ ತಟ್ಟೆಯಲ್ಲಿ ಎರಡು ತುತ್ತು ಅನ್ನ ಮಿಕ್ಕಿತ್ತು. ಶಶಿಕಲಾ ತಟ್ಟೆ ಎತ್ತಿಕೊಂಡವಳು ಅಭ್ಯಾಸದಂತೆ ಬಾಯಿಗಿಡಲು ಹೋಗಿ, ನನ್ನನ್ನು ನೋಡಿ, ಕೈ ಅಲ್ಲೇ ನಿಲ್ಲಿಸಿದಳು. ನಾನೂ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಲೇ ನಂದೀಶ, ನಿಂದು ನೀನೇ ತಿನ್ನು ಬಾ" ಎಂದು ತಟ್ಟೆಯನ್ನು ಅವನ ಮುಂದೆ ತಿರುಗಿ ಇಟ್ಟಳು. ದುರ್ಗಕ್ಕೆ ಹೋಗುವುದು ಬೇಡ ಎಂಬ ಮಾತು ಮತ್ತೆ ಬರಲಿಲ್ಲ.

ಒಂದು ವಿಷಯ ಮಾತ್ರ ನೀವಿಬ್ಬರೂ ಹೇಳುವುದಿಲ್ಲ, ನಾನೇ ಹೇಳಬೇಕು. ಚೈತ್ರಾ ಆ ಸಿ.ಡಿ.ಯನ್ನು ಶಾಲೆಯಿಂದ ತಂದು ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿದಳಲ್ಲ, ಆಗ ತಿಳಿಯಿತು. ಉಳಿದವರ ತಲೆಯನ್ನು ಕ್ಯಾಮೆರಾದವರೇ ಚಿತ್ರಕ್ಕೆ ಬಾರದಂತೆ ಬಿಟ್ಟಿದ್ದರು. ನನ್ನದನ್ನು ಬಿಟ್ಟಿರಲಿಲ್ಲ. ಯಾರಾದರೂ ನೋಡಿಯಾರೆಂದು ನಾನೇ ಅದಕ್ಕೆ ಸೆರಗು ಹೊದಿಸಿ ತಟ್ಟೆಯೊಳಗೆ ಬಗ್ಗಿಸಿದ್ದೆ. ಹೆಡ್ಮಾಸ್ತರಿಗೆ ಇದನ್ನು ಹೇಳಬೇಕಿತ್ತು, ಹೇಳಿಲ್ಲ. ಒಂದು ಜನ್ಮಕ್ಕೆ ಒಂದು ಭಾಷಣ ಸಾಕು.

ಮುಂದಿನ ಸಲ ಬಿಪಿಗೆ ಹೊರಟಾಗ ಶಶಿಕಲಾ, "ನಾನೂ ಬರ್ತೀನಿ ಅತ್ತೆ" ಎಂದಳು. ಕಾವಲಿಗೆ ಬರುತ್ತಾಳೆಂದು ಮುಖ ಗಂಟು ಹಾಕಿಕೊಂಡೇ ಹೋದೆ. ಗಾಡಿಯ ಮುಂದೆ ಅವಳು ಸ್ಟೂಲು ಎಳೆದು ರಸ್ತೆಗೆ ಬೆನ್ನು ಹಾಕಿ ಕೂತಳು. "ಹಂಗಲ್ಲ, ಈ ಕಡೀಗೆ ತಿರುಗಿ ಕುಂತ್ಕ" ಎಂದೆ. ಇಬ್ಬರೂ ರಸ್ತೆಗೆ ಮುಖ ಮಾಡಿ ಕೂತೆವು. ತಿಪ್ಪಣ್ಣ ಅವಳನ್ನೂ ಖಾರ ಎಷ್ಟೆಂದು ಕೇಳಿದ. ನಾನು ಬಸ್ಸು, ಆಟೋ, ಹೋಗಿ ಬರುವ ಜನ, ಎಲ್ಲರನ್ನೂ ನೋಡುತ್ತ ನನ್ನ ಪ್ಲೇಟು ಮುಗಿಸಿದೆ.

ಶಶಿಕಲಾ ಮಾತ್ರ ನಾಲ್ಕು ತುಂಡು ಹಾಗೇ ಬಿಟ್ಟು, "ನಂಗೆ ಸಾಕು ಅತ್ತೆ" ಎಂದು ಕೈ ಒರೆಸಿಕೊಂಡಳು.

ಆ ನಾಲ್ಕು ತುಂಡನ್ನು ನೋಡಿದೆ. ಸಭೆಯಲ್ಲಿ ನಾನು ಆಡಿದ ಮಾತೆಲ್ಲ ನೆನಪಾಯಿತು. ಬಿಸಿ ಇನ್ನೂ ಆರಿರಲಿಲ್ಲ. ಚೆಲ್ಲಲಾಗಲಿಲ್ಲ, ತಿಂದೆ. ತಲೆ ಎತ್ತಿಕೊಂಡೇ ತಿಂದೆ.